ಡಿಸ್ಕ್ ಬದಲಿಸಿದರೂ ಮಂಡಿ ಕಂಪ್ಯೂಟರ್ ಯಾಕೆ ನಿಲ್ಲುತ್ತಿತ್ತು?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಶುರುವಾದರೆ ಯಾರಿಗೂ ಪುರುಸೊತ್ತಿರುವುದಿಲ್ಲ. ಸೀಸನ್ನಿನಲ್ಲಂತೂ 15 ಕೆ.ಜಿ. ಬಾಕ್ಸ್‌ಗಳ ನಡುವೆ ಕಾಲಿಡಲು ಜಾಗ ಹುಡುಕಬೇಕು. ಅಂಥ ಒಂದು ಬೆಳಿಗ್ಗೆ ಮಂಡಿ ಮಾಲೀಕರೊಬ್ಬರು ಫೋನ್ ಮಾಡಿದರು. "ಸಾರ್, ಮೊನ್ನೆ ತಾನೆ ಹೊಸ ಎಸ್‌ಎಸ್‌ಡಿ ಹಾಕ್ಸಿದೀನಿ. ಪಟ್ಟಿ ಪ್ರಿಂಟ್ ಕೊಟ್ರೆ ಮತ್ತೆ ಹಂಗೇ ಅರ್ಧ ನಿಮಿಷ ನಿಂತ್ಕೊಂಡ್ಬಿಡ್ತೈತೆ. ರೈತ್ರು ಬೈತಾವ್ರೆ."

ಹೋಗಿ ನೋಡಿದೆ. ಹೊಸ ಡಿಸ್ಕ್ ಚೆನ್ನಾಗಿತ್ತು. ಡ್ರಾಯರಿನಲ್ಲಿದ್ದ ಹಳೆಯ ಹಾರ್ಡ್ ಡಿಸ್ಕನ್ನೂ ಜೋಡಿಸಿ ನೋಡಿದೆ. ಅದೂ ಚೆನ್ನಾಗಿಯೇ ಇತ್ತು! ಸುಮ್ನೆ ಬದಲಿಸಿದ್ದರು. ಅದೂ ಕ್ಲೋನ್ ಮಾಡಿ, ಅಂದರೆ ಹಳೆಯ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹಾಗ್ಹಾಗೇ ನಕಲಿಸಿ. ಮನೆ ಬದಲಿಸುವಾಗ ತಿಗಣೆಯ ಮಂಚವನ್ನೂ ಹೊತ್ತು ತಂದ ಹಾಗೆ, ಹಳೆಯ ಕಾಯಿಲೆಯೂ ಜೊತೆಗೇ ಬಂದಿತ್ತು.

ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಫ್, ಎಲ್, ಟಿ, ಎಂ, ಸಿ ಎಂಬ ಐದಕ್ಷರ ಹೊಡೆದೆ. ಡಿಸ್ಕಿಗೂ ಪ್ರೋಗ್ರಾಂಗಳಿಗೂ ನಡುವೆ ಕೂತು, ಹೋಗಿಬರುವ ಫೈಲುಗಳನ್ನು ತಡೆದು ನೋಡುವ ಫಿಲ್ಟರ್ ಡ್ರೈವರ್‌ಗಳ ಪಟ್ಟಿ ಬಂತು. ಪ್ರತಿ ಫಿಲ್ಟರಿಗೂ ಸಾಲಿನಲ್ಲಿ ಅದರ ಜಾಗ ಹೇಳುವ ಆಲ್ಟಿಟ್ಯೂಡ್ ಎಂಬ ಸಂಖ್ಯೆ ಇರುತ್ತದೆ. ಆಂಟಿವೈರಸ್‌ಗಳಿಗೆ ಮೈಕ್ರೋಸಾಫ್ಟ್ ಮೀಸಲಿಟ್ಟಿರುವುದು 3,20,000ದಿಂದ ಮೇಲಿನ, 3,30,000ದೊಳಗಿನ ಸಂಖ್ಯೆಗಳು. ಇಲ್ಲಿ ಆ ಸಾಲಿನಲ್ಲಿ ಎರಡು ಬೇರೆ ಬೇರೆ ಕಂಪನಿಯ ಹೆಸರುಗಳಿದ್ದವು. ಒಂದು ಈಗಿನದು. ಇನ್ನೊಂದು ಎಂದೋ "ತೆಗೆದು ಹಾಕಿದ್ದು".

ತೆಗೆದದ್ದು ಹೇಗೆ ಅಂದರೆ, ಹುಡುಗನೊಬ್ಬ ಅದರ ಫೋಲ್ಡರನ್ನೇ ಡಿಲೀಟ್ ಮಾಡಿದ್ದ. ಆದರೆ ಡ್ರೈವರ್ ಇರುವುದು ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿನೊಳಗೆ. ಅದರ ನೋಂದಣಿ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ಕಡತದಲ್ಲಿ. ಅಂಗಡಿ ಖಾಲಿಯಾದರೂ ಬಾಗಿಲಲ್ಲಿ ಕಾವಲುಗಾರ ನಿಂತಿದ್ದ. ಪ್ರತಿ ಫೈಲನ್ನೂ ತಡೆದು "ಬಿಡಲಾ?" ಎಂದು ಒಳಗೆ ಕೇಳುತ್ತಿದ್ದ. ಉತ್ತರ ಕೊಡುವವರಿಲ್ಲ. ಕಾದು ಕಾದು ಕೊನೆಗೆ ಬಿಡುತ್ತಿದ್ದ.

ಇಂಥ ಡ್ರೈವರನ್ನು ಕೈಯಾರೆ ಅಳಿಸಲು ಹೋಗಬೇಡಿ. ಫೈಲ್ ಹೋಗಿ ರಿಜಿಸ್ಟ್ರಿಯಲ್ಲಿ ಹೆಸರು ಉಳಿದರೆ ಕೆಲವೊಮ್ಮೆ ವಿಂಡೋಸ್ ಏಳುವುದೇ ಇಲ್ಲ. ಮೊದಲು ಡೇಟಾ ಬೇರೆ ಕಡೆ ಕಾಪಿ ಮಾಡಿ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಆಮೇಲೆ ಆ ಕಂಪನಿಯದೇ ರಿಮೂವಲ್ ಟೂಲ್ ತಂದು, ಅಗತ್ಯದಷ್ಟೇ ಡ್ರೈವರುಗಳೊಂದಿಗೆ ವಿಂಡೋಸ್ ಏಳುವ ಸೇಫ್ ಮೋಡ್‌ನಲ್ಲಿ ಓಡಿಸಿ. ಬಹುತೇಕ ಎಲ್ಲ ಕಂಪನಿಗಳೂ ಅದನ್ನು ಪುಕ್ಕಟೆ ಕೊಡುತ್ತವೆ. ಇಲ್ಲಿ ಎರಡು ರೀಸ್ಟಾರ್ಟ್‌ನಲ್ಲಿ ಕೆಲಸ ಮುಗಿಯಿತು. ರೈತರ ಪಟ್ಟಿ ಸರಾಗವಾಗಿ ಪ್ರಿಂಟ್ ಆಯಿತು.

ಈ ಡ್ರೈವರ್‌ಗಳು ಎಷ್ಟು ಆಳದಲ್ಲಿರುತ್ತವೆ ಅನ್ನುವುದಕ್ಕೆ 2024ರ ಜುಲೈ 19 ನೆನಪಿದೆಯಲ್ವಾ? ಸೆಕ್ಯುರಿಟಿ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ತಪ್ಪು ಅಪ್‌ಡೇಟ್‌ಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು.

ಹಾಗಂತ ಎಲ್ಲದಕ್ಕೂ ಆಂಟಿವೈರಸ್ಸನ್ನೇ ಬೈಯುವುದೂ ತಪ್ಪು. ಉಲ್ಟಾ ಕೇಸುಗಳನ್ನೂ ನೋಡಿದ್ದೇನೆ. "ಆಂಟಿವೈರಸ್ ಹಾಕಿದ ಮೇಲೇ ಡಿಸ್ಕ್ ಹಾಳಾಯಿತು" ಅನ್ನುತ್ತಾರೆ. ಫುಲ್ ಸ್ಕ್ಯಾನ್ ವರ್ಷಗಟ್ಟಲೆ ಯಾರೂ ಮುಟ್ಟದ ಫೈಲನ್ನೂ ಓದುತ್ತದೆ. ಅಲ್ಲಿ ಮೊದಲೇ ಕೆಟ್ಟಿದ್ದ ಸೆಕ್ಟರ್ (ಡಿಸ್ಕಿನ ಪುಟ್ಟ ತುಣುಕು) ಆಗ ಬಯಲಾಗುತ್ತದೆ, ಅಷ್ಟೆ.

ಅದಕ್ಕೇ ನಾನು ಮೊದಲು ಸ್ಮಾರ್ಟ್ ಅಂಕಿಗಳನ್ನು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕವನ್ನು ನೋಡುತ್ತೇನೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಟೂಲ್ ಸಾಕು. ಹಾರ್ಡ್ ಡಿಸ್ಕ್‌ನಲ್ಲಿ 5 ಮತ್ತು 197ನೇ ಸಾಲು ಮುಖ್ಯ. 5 ಅಂದರೆ ಕೆಟ್ಟದ್ದಕ್ಕೆ ಡಿಸ್ಕ್ ಬದಲಿ ಕೊಟ್ಟ ಸೆಕ್ಟರುಗಳ ಲೆಕ್ಕ. 197 ಈ ಟೂಲಿನಲ್ಲಿ ಸಿ5 ಎಂದು ಕಾಣುತ್ತದೆ. ಅದು ಏರುತ್ತಿದ್ದರೆ ಓದಲಾಗದ ಸೆಕ್ಟರ್‌ಗಳು ಜಾಸ್ತಿಯಾಗುತ್ತಿವೆ. 199, ಅಂದರೆ ಸಿ7, ಏರುತ್ತಿದ್ದರೆ ಮೊದಲು ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ. ಹೊಸ ಕೇಬಲ್ ಹಾಕಿದರೂ ಆ ಅಂಕಿ ಸೊನ್ನೆಗೆ ಇಳಿಯುವುದಿಲ್ಲ. ಏರುವುದು ನಿಂತಿತಾ ನೋಡಿ.

197 ಏರುತ್ತಿರುವ ಡಿಸ್ಕಿನ ಮೇಲೆ ರಿಪೇರಿಗೆಂದು ವಿಂಡೋಸಿನ ಚೆಕ್‌ಡಿಸ್ಕ್ ಓಡಿಸುವ ಚಾಳಿ ನಮ್ಮಲ್ಲಿ ಬಹಳ ಇದೆ. ನನಗೆ ಸಿಟ್ಟು ಬರುವುದು ಅಲ್ಲೇ. ಉಸಿರು ಬಿಗಿಹಿಡಿದಿರುವ ಡಿಸ್ಕನ್ನು ಇಡೀ ಓದಿಸಿ, ಅದರ ಮೇಲೇ ಬರೆಸುವುದು. ಉಳಿಯಬಹುದಾಗಿದ್ದ ಲೆಕ್ಕವೂ ಹೋಗುತ್ತದೆ. ಮೊದಲು ಡಿಡಿರೆಸ್ಕ್ಯೂನಂಥ ಟೂಲ್‌ನಿಂದ ಪ್ರತಿ ತೆಗೆಯಿರಿ. ರಿಪೇರಿ ಏನಿದ್ದರೂ ಆ ಪ್ರತಿಯ ಮೇಲೆ.

ಹೊರಡುವಾಗ ಮಾಲೀಕರು ಕೇಳಿದರು, "ಹಂಗಾದ್ರೆ ಎಸ್‌ಎಸ್‌ಡಿ ದುಡ್ಡು ದಂಡನಾ ಸಾರ್?" ಇಲ್ಲ, ಕಂಪ್ಯೂಟರ್ ಬೇಗ ಆನ್ ಆಗುತ್ತಲ್ಲ ಎಂದೆ. ಡ್ರಾಯರಿನ ಹಳೆಯ ಡಿಸ್ಕಿಗೆ ಒಂದು ಯುಎಸ್‌ಬಿ ಕೇಸ್ ಕೊಡಿಸಿದೆ. ಈಗ ಹರಾಜು ಮುಗಿದ ಮೇಲೆ ದಿನಾ ಲೆಕ್ಕದ ಬ್ಯಾಕಪ್ ಅದಕ್ಕೇ ಹೋಗುತ್ತಿದೆ.