ಹಳೆಯ ದೋಣಿಗೆ ಹೊಸ ಔಟ್‌ಬೋರ್ಡ್ ಮೋಟಾರನ್ನು ನಾನೇ ಕೂರಿಸಬಹುದಾ?

ಪ್ರಶ್ನೆ: ನನ್ನ ಹತ್ತಿರ ಹಳೆಯದೊಂದು ಸಣ್ಣ ಫೈಬರ್ ದೋಣಿ ಇದೆ. ಅದರ ಟು-ಸ್ಟ್ರೋಕ್ ಇಂಜಿನ್ ಕೈಕೊಟ್ಟಿದೆ. ಹೊಸ ಫೋರ್-ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂದೆ ಹೊರಬದಿಗೆ ಕೂರಿಸುವ ಮೋಟಾರು) ತಂದು ನಾನೇ ಕೂರಿಸಬಹುದಾ, ಮೆಕ್ಯಾನಿಕ್‌ಗೇ ಕೊಡಬೇಕಾ?

ಉತ್ತರ: ಕೂರಿಸಬಹುದು. ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವವರಿಗೆ ಇದು ಆಗದ ಕೆಲಸವೇನಲ್ಲ. ನಾಲ್ಕು ಬೋಲ್ಟು, ಕಂಟ್ರೋಲ್ ಕೇಬಲ್‌ಗಳು, ಪೆಟ್ರೋಲ್ ಪೈಪು, ಬ್ಯಾಟರಿ ವೈರು, ಹೆಚ್ಚುಕಡಿಮೆ ಇಷ್ಟೇ. ನಿಜವಾದ ಕಷ್ಟ ಇರೋದು ಆ ಮೋಟಾರನ್ನು ಹೊರಬೇಕಾದ ಹಳೆಯ ಹಲಗೆಯಲ್ಲಿ. ಅದಕ್ಕೇ ದುಡ್ಡು ಕಟ್ಟುವ ಮೊದಲು ದೋಣಿಯ ಹಿಂಭಾಗವನ್ನು ಸರಿಯಾಗಿ ನೋಡಿ.

ಮೋಟಾರು ನೇತಾಡುವ ಆ ಹಿಂದಿನ ಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ. ಹಳೆಯ ಫೈಬರ್ ದೋಣಿಗಳಲ್ಲಿ ಎರಡು ಪದರ ಫೈಬರ್ ನಡುವೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಹಳೆಯ ಬೋಲ್ಟಿನ ತೂತಿನಿಂದ ವರ್ಷಗಟ್ಟಲೆ ನೀರು ಇಳಿದರೆ ಆ ಪ್ಲೈವುಡ್ ಒಳಗೊಳಗೇ ಕೊಳೆಯುತ್ತದೆ. ಹೊರಗೆ ಬಣ್ಣ ಫಳಫಳ ಹೊಳೆಯುತ್ತಿದ್ದರೂ ಒಳಗೆ ಏನೂ ಉಳಿದಿರುವುದಿಲ್ಲ.

ಪರೀಕ್ಷೆ ಮಾಡುವುದು ಸುಲಭ. ಹಳೆಯ ಮೋಟಾರು ಇನ್ನೂ ಅಲ್ಲೇ ಇದ್ದರೆ ಅದನ್ನು ಅರ್ಧ ಮೇಲೆತ್ತಿ, ಪ್ರೊಪೆಲ್ಲರ್ ಹತ್ತಿರ ಹಿಡಿದು ಮೇಲೆ ಕೆಳಗೆ ಜಗ್ಗಿ. ಆಗ ಇನ್ನೊಬ್ಬರು ಟ್ರಾನ್ಸಮ್‌ನ ಮೇಲಂಚನ್ನೇ ನೋಡುತ್ತಿರಲಿ. ಅಂಚು ಬಾಗಿದರೆ ಅನುಮಾನ ಪಡಿ. ಮೋಟಾರು ಇಳಿಸಿದ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಇಡೀ ಹಲಗೆಯನ್ನು ಅಂಗೈಯಗಲಕ್ಕೊಮ್ಮೆ ತಟ್ಟುತ್ತಾ ಬನ್ನಿ. ಗಟ್ಟಿ ಇರುವ ಕಡೆ ಟಕ್ ಟಕ್ ಎಂದು ಚುರುಕಾದ ಸದ್ದು ಬರುತ್ತದೆ, ಕೊಳೆತ ಕಡೆ ಡಬ್ ಎಂದು ಮಂಕಾಗುತ್ತದೆ. ಇನ್ನೂ ಅನುಮಾನವಿದ್ದರೆ ಒಳಬದಿಯಿಂದ, ಕೆಳಗಿನ ಹಳೆಯ ಬೋಲ್ಟಿನ ಹತ್ತಿರ ಸಣ್ಣದೊಂದು ತೂತು ಕೊರೆಯಿರಿ. ಡ್ರಿಲ್ಲಿನ ತುದಿಯಲ್ಲಿ ಒಣ, ತಿಳಿ ಬಣ್ಣದ ಮರದ ಪುಡಿ ಬಂದರೆ ನೆಮ್ಮದಿ. ಕಪ್ಪಗೆ ಒದ್ದೆಯಾಗಿ, ಮುಗ್ಗಲು ವಾಸನೆಯ ಮುದ್ದೆ ಬಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಆ ಪ್ಲೈವುಡ್ ಕಿತ್ತು ಹೊಸದು ಹಾಕದೆ ಮೋಟಾರಿನ ಮಾತೇ ಬೇಡ. ಫೈಬರ್ ಕೆಲಸ ಗೊತ್ತಿಲ್ಲದಿದ್ದರೆ ಇದೊಂದನ್ನು ಮಾತ್ರ ಬಲ್ಲವರಿಗೇ ಬಿಡಿ. ನೀರಿನ ಮಧ್ಯೆ ಮೋಟಾರು ಹಲಗೆ ಸಮೇತ ಕಿತ್ತುಕೊಂಡು ಹೋದರೆ ದೋಣಿಯೊಳಗೆ ನೀರು ನುಗ್ಗುವುದಕ್ಕೆ ಜಾಸ್ತಿ ಹೊತ್ತು ಬೇಕಾಗುವುದಿಲ್ಲ.

ಇನ್ನು ತೂಕ. ಅಷ್ಟೇ ಶಕ್ತಿಯ ಹಳೆಯ ಟು-ಸ್ಟ್ರೋಕ್‌ಗಿಂತ ಫೋರ್-ಸ್ಟ್ರೋಕ್ ಸಾಮಾನ್ಯವಾಗಿ ಭಾರ. ದೋಣಿಯ ಮೇಲೆ ತಯಾರಕರ ಫಲಕ ಇದ್ದರೆ ಅದರಲ್ಲಿ ಬರೆದ ಹಾರ್ಸ್‌ಪವರ್ ಮಿತಿಯನ್ನು ದಾಟಬೇಡಿ. ಎರಡೂ ಮೋಟಾರುಗಳ ತೂಕದ ವ್ಯತ್ಯಾಸ ಲೆಕ್ಕ ಹಾಕಿ, ಅಷ್ಟು ತೂಕದ ನೀರಿನ ಕ್ಯಾನ್‌ಗಳನ್ನು ಹಳೆಯ ಮೋಟಾರು ಇರುವಾಗಲೇ ದೋಣಿಯ ಹಿಂದಿನ ತುದಿಯಲ್ಲಿ ಇಡಿ. 20 ಲೀಟರ್ ನೀರೆಂದರೆ 20 ಕಿಲೋ, ಲೆಕ್ಕ ಸುಲಭ. ದಡದ ಹತ್ತಿರ ದೋಣಿಯನ್ನು ತೇಲಿಬಿಟ್ಟು, ನೀರು ಹೊರಹೋಗುವ ಹಿಂದಿನ ತೂತುಗಳು ನೀರಿನ ಮಟ್ಟಕ್ಕಿಂತ ಮೇಲಿವೆಯಾ ನೋಡಿ. ಮುಳುಗುತ್ತಿದ್ದರೆ ಬ್ಯಾಟರಿ, ಪೆಟ್ರೋಲ್ ಟ್ಯಾಂಕನ್ನು ಮುಂದಕ್ಕೆ ಸರಿಸಬೇಕು, ಇಲ್ಲವೇ ಸಣ್ಣ ಮೋಟಾರು ತೆಗೆದುಕೊಳ್ಳಬೇಕು.

ಶಾಫ್ಟಿನ, ಅಂದರೆ ಮೋಟಾರಿನಿಂದ ಕೆಳಗೆ ಪ್ರೊಪೆಲ್ಲರಿನ ಕಡೆಗೆ ಇಳಿಯುವ ಕಾಲಿನ, ಉದ್ದದಲ್ಲಿ ಎಡವುವವರು ಬಹಳ. ಟ್ರಾನ್ಸಮ್‌ನ ಮೇಲಂಚಿನ ಮಧ್ಯದಿಂದ ನೇರ ಕೆಳಗೆ, ದೋಣಿಯ ತಳದವರೆಗೆ ಟೇಪ್ ಹಿಡಿಯಿರಿ. ಸುಮಾರು 15 ಇಂಚು ಬಂದರೆ ಶಾರ್ಟ್ ಶಾಫ್ಟ್, 20 ಬಂದರೆ ಲಾಂಗ್, 25 ಬಂದರೆ ಎಕ್ಸ್‌ಟ್ರಾ ಲಾಂಗ್. ಪ್ರೊಪೆಲ್ಲರಿನ ಮೇಲೆ ಅಗಲವಾದ ಚಪ್ಪಟೆ ರೆಕ್ಕೆ ಇರುತ್ತದೆ, ಮೆಕ್ಯಾನಿಕ್‌ಗಳು ಅದನ್ನು ಕ್ಯಾವಿಟೇಷನ್ ಪ್ಲೇಟ್ ಅನ್ನುತ್ತಾರೆ. ಅದು ದೋಣಿಯ ತಳಕ್ಕೆ ಸಮವಾಗಿ, ಅಥವಾ ಒಂದಿಂಚಿನೊಳಗೆ ಕೆಳಗೆ ಇರಬೇಕು.

ವಾರಂಟಿಯ ವಿಷಯವನ್ನೂ ಮೊದಲೇ ಕೇಳಿ. ಡೀಲರ್ ಕೂರಿಸದಿದ್ದರೆ ವಾರಂಟಿ ಕೊಡದ ಕಂಪನಿಗಳೂ ಇವೆ. ಕೆಲವು ಕಡೆ ನೀವು ಕೂರಿಸಿ, ಕೊನೆಯ ತಪಾಸಣೆ ಅವರ ಕೈಲಿ ಮಾಡಿಸಿದರೆ ಸಾಕಾಗುತ್ತದೆ.

ಕೂರಿಸುವ ದಿನ ದೋಣಿ ಟ್ರೇಲರ್ ಮೇಲಿದ್ದರೆ ಮೊದಲು ಚಕ್ರಕ್ಕೆ ಅಡ್ಡ ಕೊಟ್ಟು, ಟ್ರೇಲರಿನ ಹಿಂದಿನ ತುದಿಗೆ ಆಸರೆ ನಿಲ್ಲಿಸಿ. ಭಾರ ಹಿಂದಕ್ಕೆ ಬಿದ್ದ ತಕ್ಷಣ ಮುಂದಿನ ತುದಿ ಏತದ ಹಾಗೆ ಮೇಲೇಳುತ್ತದೆ. ಮೋಟಾರನ್ನು ಚೈನ್ ಬ್ಲಾಕಿನಿಂದ, ಅದರಲ್ಲೇ ಇರುವ ಎತ್ತುವ ಕೊಂಡಿಗೆ ಸಿಕ್ಕಿಸಿ ಎತ್ತಿ. ನಾಲ್ಕು ಜನ ಸೇರಿ ಕೈಯಲ್ಲಿ ಹೊರುವ ಸಾಹಸ ಬೇಡ.

ಹಳೆಯ ತೂತುಗಳು ಹೊಸ ಮೋಟಾರನ್ನು ಹಲಗೆಗೆ ಹಿಡಿಸುವ ಬ್ರಾಕೆಟ್ಟಿಗೆ ಹೊಂದಬಹುದು, ಹೊಂದದೆಯೂ ಇರಬಹುದು. ಹೊಂದಿದರೂ ಸುಮ್ನೆ ಬೋಲ್ಟ್ ತೂರಿಸಬೇಡಿ. ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಮಂದ ಮಾಡಿದ ಎಪಾಕ್ಸಿ ಅಂಟು ತುಂಬಿ, ಅದು ಗಟ್ಟಿಯಾದ ಮೇಲೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಿರಿ. ಆಗ ಬೋಲ್ಟಿನ ಸುತ್ತ ನೀರು ಇಳಿಯದಂತೆ ಹಚ್ಚುವ ಸೀಲಂಟ್ ಮುಂದೆಂದಾದರೂ ಸೋತರೂ ನೀರು ಮರಕ್ಕೆ ತಾಗುವುದಿಲ್ಲ. ಇದಕ್ಕೆ ಒಂದು ದಿನ ಜಾಸ್ತಿ ಹಿಡಿಯುತ್ತದೆ. ಹಿಡಿಯಲಿ, ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಒತ್ತಿ ಹೇಳುವುದು ಇದನ್ನೇ.

ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ. ಉಪ್ಪುನೀರಿಗಾದರೆ 316 ದರ್ಜೆಯದು. ಬೋಲ್ಟಿನ ತಲೆಯ ಕೆಳಗೆ, ಮೈಗೆ ದೋಣಿಗೆಂದೇ ಮಾಡಿದ ಪಾಲಿಯುರೆಥೇನ್ ಸೀಲಂಟ್ ಹಚ್ಚಿ. ಬಾತ್‌ರೂಮಿನ ಸಿಲಿಕೋನ್ ಬೇಡ. 3ಎಂ 5200ನಂಥ ಕಾಯಂ ಅಂಟೂ ಬೇಡ, ಮುಂದೆ ಬಿಚ್ಚಬೇಕಾದಾಗ ಹಲಗೆಯ ಸಿಪ್ಪೆಯೇ ಎದ್ದು ಬರಬಹುದು. ಒಳಬದಿಗೆ ಅಗಲ ವಾಷರ್ ಅಥವಾ ಲೋಹದ ಪಟ್ಟಿ, ಅದರ ಮೇಲೆ ನೈಲಾನ್ ಲಾಕ್ ನಟ್. ಬಿಗಿ ಮಾಡುವಾಗ ಬೋಲ್ಟನ್ನು ಅಲುಗದಂತೆ ಹಿಡಿದು ನಟ್ ಮಾತ್ರ ತಿರುಗಿಸಿ. ಬೋಲ್ಟ್ ತಿರುಗಿದರೆ ಹಚ್ಚಿದ ಸೀಲಂಟ್ ಹರಿದುಹೋಗುತ್ತದೆ, ಅಲ್ವಾ? ವಾಷರ್ ಹಲಗೆಯೊಳಗೆ ಹೂತುಕೊಳ್ಳಲು ಶುರುವಾದರೆ ಅಲ್ಲಿ ಮರ ಮೆತ್ತಗಿದೆ ಎಂದೇ ಲೆಕ್ಕ.

ಪೆಟ್ರೋಲ್ ಪೈಪು, ಕೈಯಲ್ಲಿ ಒತ್ತುವ ಪ್ರೈಮರ್ ಬಲ್ಬು, ಫಿಲ್ಟರ್ ಎಲ್ಲ ಹೊಸದೇ ಹಾಕಿ. ನೀರನ್ನು ಬೇರೆ ಮಾಡುವ 10 ಮೈಕ್ರಾನ್ ಫಿಲ್ಟರ್ ಒಳ್ಳೆಯದು. ಬಲ್ಬಿನ ಮೇಲಿನ ಬಾಣ ಮೋಟಾರಿನ ಕಡೆ ತೋರಿಸಬೇಕು. ಹಳೆಯ ಟ್ಯಾಂಕಿನಲ್ಲಿ ಆಯಿಲ್ ಬೆರೆಸಿದ ಪೆಟ್ರೋಲ್ ಇದ್ದರೆ ಪೂರ್ತಿ ತೆಗೆದು ತೊಳೆಯಿರಿ. ಎಷ್ಟೋ ಹೊಸ ಮೋಟಾರುಗಳು ಇಂಜಿನ್ ಆಯಿಲ್ ಇಲ್ಲದೆಯೇ ಪೆಟ್ಟಿಗೆಯಲ್ಲಿ ಬರುತ್ತವೆ. ಕೀ ತಿರುಗಿಸುವ ಮುಂಚೆ ಡಿಪ್‌ಸ್ಟಿಕ್ ನೋಡಲೇಬೇಕು.

ಬ್ಯಾಟರಿಯ ಪ್ಲಸ್ ಮೈನಸ್ ಅದಲುಬದಲಾದರೆ ಮೋಟಾರಿನ ಚಾರ್ಜಿಂಗ್ ಭಾಗವಾದ ರೆಕ್ಟಿಫೈಯರ್ ಸುಟ್ಟುಹೋಗುತ್ತದೆ, ಹಾಗಾಗಿ ಎರಡು ಸಲ ನೋಡಿ ಜೋಡಿಸಿ. ಸ್ಟೀರಿಂಗ್ ಕೇಬಲ್ ಬಿಗಿಯಾಗಿದ್ದರೆ ಈಗಲೇ ಬದಲಿಸಿ. ಓಡಿಸುವವರು ಮೈಗೆ ಸಿಕ್ಕಿಸಿಕೊಳ್ಳುವ ಕಿಲ್ ಸ್ವಿಚ್ಚಿನ ಹಗ್ಗ ಎಳೆದಾಗ ಮೋಟಾರು ನಿಲ್ಲುತ್ತದಾ, ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗದೆ ಇರುತ್ತದಾ ಎಂದು ಪರೀಕ್ಷಿಸದೆ ನೀರಿಗೆ ಇಳಿಯಬೇಡಿ. ನೀವು ನೀರಿಗೆ ಬಿದ್ದಾಗ ತಿರುಗುವ ಪ್ರೊಪೆಲ್ಲರಿನಿಂದ ಕಾಪಾಡುವುದು ಆ ಹಗ್ಗವೇ.

ನೆಲದ ಮೇಲೆ ಸ್ಟಾರ್ಟ್ ಮಾಡುವುದಾದರೆ ಪ್ರೊಪೆಲ್ಲರ್ ಬಿಚ್ಚಿಟ್ಟು, ನೀರಿನ ಪೈಪು ಜೋಡಿಸಿಯೇ ಮಾಡಿ. ನೀರಿಲ್ಲದೆ ಓಡಿಸಿದರೆ ತಂಪಿನ ನೀರು ತಳ್ಳುವ ಪಂಪಿನ ರಬ್ಬರ್ ಚಕ್ರ (ಇಂಪೆಲ್ಲರ್) ಬಹು ಬೇಗ ಹಾಳಾಗುತ್ತದೆ. ಹಿಂದೆ ಸಣ್ಣ ತೂತಿನಿಂದ ನೀರಿನ ಧಾರೆ ಚಿಮ್ಮುತ್ತಿರಬೇಕು.

ಮೊದಲ 10 ಗಂಟೆ ಮೋಟಾರನ್ನು ಪಳಗಿಸುವ ಅವಧಿ, ಮ್ಯಾನುಯಲ್ ಹೇಳಿದ ಹಾಗೆ ವೇಗ ಬದಲಿಸುತ್ತಾ ಓಡಿಸಿ. ಅದು ಮುಗಿದ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟು ಆರ್‌ಪಿಎಂ ನೋಡಿ. ಮ್ಯಾನುಯಲ್ ಹೇಳಿದ್ದಕ್ಕಿಂತ ಕಡಿಮೆ ಬಂದರೆ ಪ್ರೊಪೆಲ್ಲರಿನ ಪಿಚ್ (ಒಂದು ಸುತ್ತಿಗೆ ಅದು ಲೆಕ್ಕದಲ್ಲಿ ಮುಂದೆ ಸಾಗುವ ದೂರ) ಜಾಸ್ತಿ ಆಗಿದೆ ಎಂದರ್ಥ. ಒಂದಿಂಚು ಪಿಚ್ ಇಳಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. ತಿರುವಿನಲ್ಲಿ ಪ್ರೊಪೆಲ್ಲರ್ ನೀರಿನ ಹಿಡಿತ ತಪ್ಪಿ ಮೋಟಾರು ಒಮ್ಮೆಲೇ ಕಿರುಚಿದರೆ, ಬ್ರಾಕೆಟ್ಟಿನಲ್ಲಿ ಒಂದು ತೂತಿನಷ್ಟು ಕೆಳಗಿಳಿಸಿ. ಮೊದಲ ಓಡಾಟ ಮುಗಿಸಿ ಬಂದ ಕೂಡಲೇ ನಾಲ್ಕೂ ನಟ್‌ಗಳಿಗೆ ಸ್ಪ್ಯಾನರ್ ಹಾಕಿ ನೋಡಿ. ಇಂಜಿನ್ ಆಯಿಲ್, ಗೇರ್ ಆಯಿಲ್ ಎರಡರ ಮೊದಲ ಬದಲಾವಣೆ ಸಾಮಾನ್ಯವಾಗಿ 20 ಗಂಟೆ ಓಡಿದ ಮೇಲೆ ಬರುತ್ತದೆ. ಆಗಲೂ ಆ ನಟ್‌ಗಳನ್ನು ಇನ್ನೊಮ್ಮೆ ಪರೀಕ್ಷಿಸಿ.