ಗೇಟು ತೆರೆದ ಮೇಲಿನ ಹದಿನೈದು ನಿಮಿಷ

ದಾವಣಗೆರೆಯಲ್ಲಿ ನನ್ನ ಗೆಳೆಯನದೊಂದು ಬಟ್ಟೆ ಅಂಗಡಿ ಇದೆ. ಪಕ್ಕದ ಸೈಟು ಖಾಲಿ. ಆ ಕಡೆ ಗೋಡೆಯ ಮೇಲೆ, ಮುಂಬಾಗಿಲಿನಿಂದ ಒಳಕ್ಕೆ ಸರಿಯಾಗಿ ಹತ್ತು ಅಡಿಗೆ, ಯಾರೋ ಬಂದು ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದು ಹೋಗಿದ್ದಾರೆ. ರಸ್ತೆ ಅಗಲ ಮಾಡಿದರೆ ಅಂಗಡಿ ಅಲ್ಲಿವರೆಗೆ ಹೋಗುತ್ತದೆ ಅಂತ ಅರ್ಥ. ಅಂಗಡಿಯ ಒಟ್ಟು ಉದ್ದವೇ ಇಪ್ಪತ್ತೆರಡು ಅಡಿ. ಗೆರೆ ಕಣ್ಣಿಗೆ ಬಿದ್ದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ ಅಂತ, ಹಳೇ ದಸರಾ ಡಿಸ್ಕೌಂಟಿನ ಫ್ಲೆಕ್ಸ್ ಒಂದನ್ನು ಅದರ ಮೇಲೆ ಕಟ್ಟಿಬಿಟ್ಟಿದ್ದಾನೆ.

ಒಂದು ಭಾನುವಾರ ಬೆಣ್ಣೆ ದೋಸೆ ತಿನ್ನುತ್ತಾ ಕೂತಿದ್ದಾಗ ಇದೇ ಮಾತು ಬಂತು. ಜೊತೆಗಿದ್ದ ಇನ್ನೊಬ್ಬ ಗೆಳೆಯ ವಿದ್ಯಾನಗರದ ಕಡೆಯವನು. ದಿನಾ ಸಂಜೆ ಜಾಮಿನಲ್ಲಿ ಸಿಕ್ಕಿಕೊಳ್ಳುವವನು. 'ಅಗಲ ಮಾಡ್ಲೇಬೇಕು ಕಣೋ, ಊರು ಬೆಳೆದಿದೆ' ಅಂದ. ಬಟ್ಟೆ ಅಂಗಡಿಯವನು ದೋಸೆ ಬಿಟ್ಟು ಎದ್ದೇಬಿಟ್ಟ. ಇಬ್ಬರ ಮಾತಲ್ಲೂ ಹುರುಳಿತ್ತು. ಊರು ಬೆಳೆದಿರೋದು ನಿಜ. 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆ ಆಯಿತು, 2007ರಲ್ಲಿ ಮಹಾನಗರ ಪಾಲಿಕೆ ಬಂತು, 2011ರ ಜನಗಣತಿ ಹೊತ್ತಿಗೇ ನಾಲ್ಕು ಲಕ್ಷ ದಾಟಿತ್ತು, 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತು ಊರುಗಳ ಪಟ್ಟಿಯಲ್ಲಿ ಹೆಸರು ಬಂತು. ಆದರೆ ಇಬ್ಬರೂ ಒಂದು ವಿಷಯ ಸುಮ್ನೆ ಒಪ್ಪಿಕೊಂಡು ಜಗಳ ಆಡುತ್ತಿದ್ದರು. ರಸ್ತೆ ಅಗಲವಾದರೆ ಜಾಮ್ ಕಡಿಮೆ ಆಗುತ್ತದೆ ಅನ್ನೋದು. ಅದು ನಿಜವೇ ಅಂತ ಯಾರೂ ಕೇಳಲಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮೂರಿನಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ. ಯಾಕೆಂದರೆ ನಮಗೆ ಅಶೋಕ ರಸ್ತೆಯ ರೈಲ್ವೆ ಗೇಟು ಗೊತ್ತು.

ಬೆಂಗಳೂರು–ಹುಬ್ಬಳ್ಳಿ ಹಳಿ ಊರಿನ ನಡುವೆಯೇ ಹಾದುಹೋಗುತ್ತದೆ. ನಾನು ಕಾಲೇಜಿಗೆ ಹೋಗುವಾಗ ಆ ಗೇಟಿನಲ್ಲಿ ಕಳೆದ ಹೊತ್ತಿನಲ್ಲಿ ಇನ್ನೊಂದು ಡಿಗ್ರಿ ಓದಬಹುದಿತ್ತು. ಗೇಟು ಬಿದ್ದಾಗ ಏನಾಗುತ್ತದೆ ಅಂತ ನೆನಪು ಮಾಡಿಕೊಳ್ಳಿ. ಮೊದಲು ಎಡಗಡೆ ಒಂದು ಸಾಲು. ಆಮೇಲೆ ಒಬ್ಬ ಬೈಕಿನವನು ಬಲಗಡೆ ಖಾಲಿ ಇದೆಯಲ್ಲ ಅಂತ ಮುಂದೆ ಹೋಗಿ ಕಂಬಿಗೆ ಒತ್ತಿ ನಿಲ್ಲುತ್ತಾನೆ. ಅವನ ಹಿಂದೆ ಹತ್ತು ಬೈಕು, ಎರಡು ಆಟೋ. ಆಚೆ ಕಡೆಯೂ ಅಷ್ಟೇ. ರೈಲು ಹೋಗುತ್ತದೆ, ಗೇಟು ಏಳುತ್ತದೆ, ಎರಡು ಸೈನ್ಯ ಎದುರುಬದುರು. ಹಾರ್ನ್ ಶುರು.

ಇದಕ್ಕೊಂದು ಲೆಕ್ಕ ಇದೆ. ಸರದಿ ಸಾಲಿನ ಗಣಿತ ಅನ್ನಬಹುದು, ಆದರೆ ಕೂಡು-ಕಳೆ ಬಂದರೆ ಸಾಕು. ಅಂಕಿ ನಾನೇ ಇಟ್ಟುಕೊಂಡದ್ದು, ಉದಾಹರಣೆಗೆ ಮಾತ್ರ. ಗೇಟಿನ ಕಡೆಗೆ ಒಂದು ನಿಮಿಷಕ್ಕೆ 30 ಗಾಡಿ ಬರುತ್ತವೆ. ಗೇಟು ತೆರೆದಿದ್ದಾಗ ನಿಮಿಷಕ್ಕೆ 40 ಗಾಡಿ ದಾಟಬಹುದು. ಅಂದರೆ ಮಾಮೂಲಿ ಹೊತ್ತಿನಲ್ಲಿ ಆರಾಮು. ಈಗ ಗೇಟು 5 ನಿಮಿಷ ಬಿತ್ತು. 150 ಗಾಡಿ ನಿಂತವು. ಗೇಟು ಎದ್ದ ಮೇಲೆ ನಿಮಿಷಕ್ಕೆ 40 ಹೋಗುತ್ತವೆ, ಆದರೆ ಹಿಂದಿನಿಂದ 30 ಬರುತ್ತಲೇ ಇರುತ್ತವೆ. ಸಾಲು ಕರಗುವುದು ನಿಮಿಷಕ್ಕೆ ಬರೀ 10. ಹಾಗಾಗಿ ಪೂರ್ತಿ ಕರಗಲು 15 ನಿಮಿಷ. ರೈಲು ನಿಲ್ಲಿಸಿದ್ದು 5 ನಿಮಿಷ, ಊರು ಕಟ್ಟಿದ್ದು 20 ನಿಮಿಷ.

ಈಗ ಗೇಟಿಗೆ ಬರುವ ರಸ್ತೆಯನ್ನು ಅಗಲ ಮಾಡಿ. ಹಳಿ ದಾಟುವ ಬಾಯಿ ಅಷ್ಟೇ ಇದೆ, ನಿಮಿಷಕ್ಕೆ 40. ಆದರೆ ರಸ್ತೆ ಚೆನ್ನಾಗಾಯಿತು ಅಂತ ಬರುವವರು 30ರಿಂದ 34 ಆದರು ಅಂದುಕೊಳ್ಳಿ. ನಿಂತವು 170, ಕರಗುವುದು ನಿಮಿಷಕ್ಕೆ 6. ಸುಮಾರು 28 ನಿಮಿಷ. ನಾಲ್ಕೇ ನಾಲ್ಕು ಗಾಡಿ ಜಾಸ್ತಿ ಆಗಿದ್ದಕ್ಕೆ ಕಾಯುವ ಹೊತ್ತು ಹತ್ತಿರ ಹತ್ತಿರ ಎರಡು ಪಟ್ಟು!

ಉಲ್ಟಾ ನೋಡೋಣ. 30ರ ಬದಲು 25 ಬಂದರೆ? ನಿಂತವು 125, ಕರಗುವುದು 15. ಎಂಟು ನಿಮಿಷ ಚಿಲ್ಲರೆ. ಆರರಲ್ಲಿ ಒಂದು ಗಾಡಿ ಕಡಿಮೆ ಆದರೆ ಕಾಯುವುದು ಹೆಚ್ಚುಕಮ್ಮಿ ಅರ್ಧ. ಶಾಲೆಗೆ ರಜೆ ಇದ್ದ ದಿನ ರಸ್ತೆ ಯಾಕೆ ಅಷ್ಟೊಂದು ಖಾಲಿ ಖಾಲಿ ಅನ್ನಿಸುತ್ತದೆ ಅನ್ನುವುದಕ್ಕೂ ಇದೇ ಕಾರಣ. ಅವತ್ತು ಗಾಡಿ ಅರ್ಧಕ್ಕರ್ಧ ಕಡಿಮೆ ಆಗಿರಬೇಕಾಗಿಲ್ಲ. ಮೇಲಿನ ಒಂದಿಷ್ಟು ಕಡಿಮೆಯಾದರೂ ಸಾಕು.

ಇನ್ನು ಆ ಬಲಗಡೆ ನುಗ್ಗಿದ ಬೈಕಿನವನ ಲೆಕ್ಕ. ಎದುರುಬದುರು ಸಿಕ್ಕಿಕೊಂಡು ದಾಟುವ ಗಾಡಿ 40ರಿಂದ 32ಕ್ಕೆ ಇಳಿಯಿತು ಅನ್ನಿ. ಕರಗುವುದು ನಿಮಿಷಕ್ಕೆ 2. ಆಗ 150 ಗಾಡಿ ಕರಗಲು 75 ನಿಮಿಷ ಬೇಕು. ಅಷ್ಟರಲ್ಲಿ ಇನ್ನೊಂದು ರೈಲು ಬಂದೇ ಬರುತ್ತದೆ. ನಾನು ಈ ಲೆಕ್ಕ ಟಿಶ್ಯೂ ಪೇಪರಿನ ಮೇಲೆ ಬರೆದು ತೋರಿಸಿದಾಗ ವಿದ್ಯಾನಗರದವನು ಎರಡು ಸಲ ಕೂಡಿ ನೋಡಿದ. ಸರಿಯಾಗೇ ಇತ್ತು. ಗೇಟಿನ ಎರಡೂ ಕಡೆ ಐವತ್ತು ಮೀಟರ್ ಉದ್ದಕ್ಕೆ ಒಂದು ಗಟ್ಟಿ ಡಿವೈಡರ್ ಇಟ್ಟರೆ ಆಗುವ ಕೆಲಸ, ಹತ್ತು ಅಡಿ ಅಂಗಡಿ ಒಡೆದರೂ ಆಗುವುದಿಲ್ಲ.

ರಸ್ತೆ ಅಂದರೆ ನಾವು ಉದ್ದಕ್ಕೆ ನೋಡುತ್ತೇವೆ. ಗಾಡಿಗಳು ಮಾತ್ರ ಅದರ ಬಾಯಿಯನ್ನು ನೋಡುತ್ತವೆ. ಸರ್ಕಲ್ಲು, ಗೇಟು, ಬಸ್ ನಿಲ್ಲುವ ಜಾಗ, ಬಲಕ್ಕೆ ತಿರುಗುವ ಮೂಲೆ, ಇವೇ ಬಾಯಿಗಳು. ಸೀಸೆಯ ಹೊಟ್ಟೆ ಎಷ್ಟು ದಪ್ಪ ಇದ್ದರೇನು, ನೀರು ಬೀಳುವುದು ಕತ್ತಿನಷ್ಟೇ.

ಹಾಗಂತ ಬಾಯಿಯೇ ಇಲ್ಲದ ಕಡೆ ಜಾಮ್ ಆಗುವುದಿಲ್ಲ ಅಂತಲ್ಲ. 2008ರಲ್ಲಿ ಜಪಾನಿನ ವಿಜ್ಞಾನಿಗಳು ಒಂದು ಚಂದದ ಪ್ರಯೋಗದ ವರದಿ ಪ್ರಕಟಿಸಿದರು. 230 ಮೀಟರ್ ಸುತ್ತಳತೆಯ ಒಂದು ವೃತ್ತ. ಅದರಲ್ಲಿ 22 ಕಾರು. ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸುಮ್ನೆ ಸುತ್ತುತ್ತಿರಿ ಅಂತ ಡ್ರೈವರುಗಳಿಗೆ ಹೇಳಿದರು. ಗೇಟಿಲ್ಲ, ಸಿಗ್ನಲ್ಲಿಲ್ಲ, ದನ ಅಡ್ಡ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು ಚೂರು ನಿಧಾನ ಮಾಡಿದರು, ಹಿಂದಿನವರು ಇನ್ನೂ ಚೂರು ಜಾಸ್ತಿ ಬ್ರೇಕ್ ಒತ್ತಿದರು, ಅವರ ಹಿಂದಿನವರು ನಿಂತೇಬಿಟ್ಟರು. ಜಾಮ್ ಹುಟ್ಟಿತು. ಕಾರುಗಳು ಮುಂದಕ್ಕೆ ಹೋಗುತ್ತಿದ್ದರೆ ಜಾಮ್ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಹೋಗುತ್ತಿತ್ತು, ನೀರಿನ ಅಲೆಯ ಹಾಗೆ. ನಮ್ಮ ಪಿ.ಬಿ. ರೋಡಿನಲ್ಲಿ ಆಟೋದವನು ಕೈ ಅಡ್ಡ ಮಾಡಿದ ಅಜ್ಜಿಗೆ ಅಂತ ಅರೆಕ್ಷಣ ನಿಲ್ಲಿಸುತ್ತಾನಲ್ಲ, ಅಜ್ಜಿ ಹತ್ತಿ ಆಟೋ ಹೋಗಿ ಎಷ್ಟೋ ಹೊತ್ತಾದ ಮೇಲೂ ಅದರ ಅಲೆ ಹಿಂದೆ ಹಿಂದೆ ಹೋಗುತ್ತಿರುತ್ತದೆ. ಹಿಂದೆ ಸಿಕ್ಕಿಕೊಂಡವರಿಗೆ ಮುಂದೆ ಏನೂ ಕಾಣುವುದಿಲ್ಲ. 'ಏನಾಯ್ತ್ರೀ?' ಅಂತ ಕತ್ತು ಚಾಚುತ್ತಾರೆ. ಏನೂ ಆಗಿರುವುದಿಲ್ಲ!

ನಮ್ಮ ರಸ್ತೆಯ ಇನ್ನೊಂದು ವಿಶೇಷ ಅಂದರೆ ಗಾಡಿಗಳ ಜಾತ್ರೆ. ಅಮೆರಿಕದ ಪುಸ್ತಕದಲ್ಲಿ ರಸ್ತೆ ಅಂದರೆ ಕಾರುಗಳ ಸಾಲು. ಇಲ್ಲಿ ಬೈಕು, ಆಟೋ, ಬಸ್ಸು, ತಳ್ಳುಗಾಡಿ, ಟ್ರ್ಯಾಕ್ಟರು ಎಲ್ಲ ಒಟ್ಟಿಗೆ. ಇವನ್ನು ಒಂದೇ ತಕ್ಕಡಿಯಲ್ಲಿ ತೂಗಲು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ರಸ್ತೆ ಎಂಜಿನಿಯರುಗಳ ಸಂಸ್ಥೆ ಒಂದು ಕೋಷ್ಟಕ ಮಾಡಿದೆ. 1990ರದ್ದು, ಊರೊಳಗಿನ ರಸ್ತೆಗಳಿಗೆ. ರಸ್ತೆಯಲ್ಲಿ ಒಂದು ಕಾರು ತಿನ್ನುವ ಜಾಗಕ್ಕೆ 1 ಅಂತ ಇಟ್ಟುಕೊಂಡರೆ ಬೈಕಿಗೆ 0.5ರಿಂದ 0.75, ಆಟೋಗೆ 1.2ರಿಂದ 2, ಬಸ್ಸಿಗೆ 2.2ರಿಂದ 3.7. ಕೈಯಲ್ಲಿ ತಳ್ಳುವ ಗಾಡಿಗೆ 2ರಿಂದ 3. ಟ್ರೈಲರ್ ಕಟ್ಟಿದ ಟ್ರ್ಯಾಕ್ಟರಿಗೆ? 4ರಿಂದ 5. ಆ ಕೋಷ್ಟಕದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು.

ಮೆಕ್ಕೆಜೋಳ ಮಾರುಕಟ್ಟೆಗೆ ಬರುವ ದಿನಗಳಲ್ಲಿ ನಮ್ಮೂರಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಪ್ಪತ್ತು ಟ್ರ್ಯಾಕ್ಟರ್ ಅಂದರೆ ಎಂಬತ್ತರಿಂದ ನೂರು ಕಾರು ಇದ್ದ ಹಾಗೆ. ರೈತರನ್ನು ಬೈಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಈ ಊರು ಬೆಳೆದಿದ್ದೇ ಹತ್ತಿ, ಜೋಳ, ಮಂಡಿ ವ್ಯಾಪಾರದಿಂದ. ಆ ಟ್ರ್ಯಾಕ್ಟರುಗಳು ಸಂಜೆ ಐದೂವರೆಯ ಬದಲು ಬೆಳಗ್ಗೆ ಆರಕ್ಕೆ ಬರುವ ಹಾಗೆ ಮಾಡಿದರೆ ರಸ್ತೆ ಒಂದಿಂಚೂ ಅಗಲವಾಗದೆ ನೂರು ಕಾರು ಮಾಯ ಆಗುತ್ತವೆ. ಬಸ್ಸಿನ ಅಂಕಿಯನ್ನೂ ಒಮ್ಮೆ ನೋಡಿ. ನಲವತ್ತು ಜನ ಕೂತ ಬಸ್ಸು ರಸ್ತೆಯಲ್ಲಿ ತಿನ್ನುವುದು ಎರಡು ಆಟೋ ತಿನ್ನುವಷ್ಟೇ ಜಾಗ, ಹೆಚ್ಚುಕಮ್ಮಿ. ಸಿಟಿ ಬಸ್ಸಿಗೆ ಕಾಯುವುದು ಬೇಜಾರು ಅಂತ ನಾನೂ ಬೈಕೇ ಹತ್ತುತ್ತೇನೆ, ಅದು ಬೇರೆ ಮಾತು.

ಅಗಲದ ವಿಷಯಕ್ಕೆ ವಾಪಸ್ ಬರೋಣ. ಒಂದು ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಗೆಳೆಯ ಬಟ್ಟೆ ಅಳೆಯುವ ಟೇಪು ತಂದ. ಇಬ್ಬರೂ ಸೇರಿ ಅವನ ರಸ್ತೆ ಅಳೆದೆವು. ನೋಡಿದವರು ಕುಡಿದಿದ್ದಾರೆ ಅಂದುಕೊಂಡಿರಬೇಕು. ಕಟ್ಟಡದಿಂದ ಕಟ್ಟಡಕ್ಕೆ ನಲವತ್ತು ಅಡಿ. ಎರಡೂ ಬದಿಗೆ ಕಾರುಗಳು ಉದ್ದಕ್ಕೆ ನಿಂತಿದ್ದವು. ಬಾಗಿಲು ತೆರೆಯುವ ಜಾಗವೂ ಸೇರಿ ಒಂದೊಂದು ಬದಿಗೆ ಎಂಟು ಅಡಿ ಹೋಯಿತು. ಓಡಾಡಲು ಉಳಿದದ್ದು ಇಪ್ಪತ್ನಾಲ್ಕು.

ಅಗಲ ಮಾಡಿದರೆ ಅರವತ್ತು ಅಡಿ ಆಗುತ್ತದೆ. ಆಗ ಜನ ಕಾರನ್ನು ಉದ್ದಕ್ಕೆ ನಿಲ್ಲಿಸುವುದಿಲ್ಲ. ಜಾಗ ಇದೆಯಲ್ಲ ಅಂತ ಅಡ್ಡಕ್ಕೆ ಅಥವಾ ಓರೆಯಾಗಿ ನಿಲ್ಲಿಸುತ್ತಾರೆ, ನಮ್ಮೂರಿನ ಯಾವ ಅಗಲ ರಸ್ತೆಯಲ್ಲಿ ಬೇಕಾದರೂ ಹೋಗಿ ನೋಡಿ. ಓರೆಯಾಗಿ ನಿಂತ ಕಾರಿಗೆ ಹದಿನಾರರಿಂದ ಹದಿನೇಳು ಅಡಿ ಬೇಕು. ಎರಡು ಬದಿಗೆ ಮೂವತ್ತಮೂರು. ಉಳಿಯುವುದು ಇಪ್ಪತ್ತೇಳು. ಎರಡು ಕಡೆಯ ಅಂಗಡಿಗಳನ್ನು ಹತ್ತತ್ತು ಅಡಿ ಒಡೆದು ಸಂಪಾದಿಸಿದ ದಾರಿ ಮೂರು ಅಡಿ. ಮಿಕ್ಕಿದ್ದೆಲ್ಲ ಪುಕ್ಕಟೆ ಪಾರ್ಕಿಂಗು. ಇದರಲ್ಲಿ ಫುಟ್‌ಪಾತಿಗೆ ನಾನಿನ್ನೂ ಒಂದಡಿಯನ್ನೂ ಬಿಟ್ಟಿಲ್ಲ. ನಡೆಯುವವರು ಸೆಕೆಂಡಿಗೆ ಸುಮಾರು 1.2 ಮೀಟರ್ ಹೋಗುತ್ತಾರೆ ಅಂತ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ನಲವತ್ತು ಅಡಿ ದಾಟಲು ಹತ್ತು ಸೆಕೆಂಡು, ಅರವತ್ತು ದಾಟಲು ಹದಿನೈದು. ಮೊಣಕಾಲು ನೋವಿರುವ ನಮ್ಮಮ್ಮನಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರು ಅಗಲ ರಸ್ತೆಯ ನಡುವೆ ನಿಂತು ಕೈ ಎತ್ತುತ್ತಾರೆ.

ಇಷ್ಟಾದರೂ, ಒಂದು ಮಾತಿಗೆ ರಸ್ತೆ ನಿಜವಾಗಿಯೂ ಸರಾಗವಾಯಿತು ಅಂದುಕೊಳ್ಳಿ. ಆಮೇಲೆ ಏನು? ಇಲ್ಲಿ ನನ್ನದೇ ಕಥೆ ಹೇಳಬೇಕು. ನಮ್ಮ ಮನೆ ಮುಂದಿನ ರಸ್ತೆ ಗುಂಡಿ ಬಿದ್ದಿದ್ದಾಗ ನಾನು ಬೇಕರಿಗೆ ನಡೆದೇ ಹೋಗುತ್ತಿದ್ದೆ. ಕಾಂಕ್ರೀಟ್ ಹಾಕಿದ ಮೇಲೆ ಖಾರ ಮಂಡಕ್ಕಿ ಪೊಟ್ಟಣ ತರಲೂ ಬೈಕು. ಯಾರೂ ನನಗೆ ಬೈಕಿನಲ್ಲಿ ಹೋಗು ಅನ್ನಲಿಲ್ಲ. ರಸ್ತೆಯೇ ಕರೆಯಿತು. ಇದನ್ನು ದೊಡ್ಡ ಮಟ್ಟದಲ್ಲಿ ಅಳೆದವರೂ ಇದ್ದಾರೆ. ಡುರಾಂಟನ್ ಮತ್ತು ಟರ್ನರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಊರುಗಳ ಹೆದ್ದಾರಿ ಲೆಕ್ಕ ಜಾಲಾಡಿ 2011ರಲ್ಲಿ ಬರೆದರು: ಹೆದ್ದಾರಿ ಎಷ್ಟು ಪಾಲು ಹೆಚ್ಚಿತೋ ಗಾಡಿಗಳ ಒಟ್ಟು ಓಡಾಟವೂ ಹತ್ತಿರ ಹತ್ತಿರ ಅಷ್ಟೇ ಪಾಲು ಹೆಚ್ಚಿತು. ಅಂದರೆ ಕೊಟ್ಟ ಜಾಗ ಕೊಟ್ಟ ಹಾಗೇ ತುಂಬಿತು. ದಾವಣಗೆರೆ ಅಮೆರಿಕದ ಊರಲ್ಲ, ಆ ಅಂಕಿ ಇಲ್ಲಿಗೆ ತಂದು ಅಂಟಿಸುವುದು ತಪ್ಪು. ಆದರೆ ಬೈಕು ಹತ್ತುವ ಮನಸ್ಸು ಎಲ್ಲಾ ಕಡೆ ಒಂದೇ ಅಲ್ವಾ?

ಅಗಲ ಮಾಡಲೇಬಾರದು ಅನ್ನುವವನು ನಾನಲ್ಲ. ಪಿ.ಬಿ. ರೋಡು ಒಂದು ಕಾಲಕ್ಕೆ ಪುಣೆ–ಬೆಂಗಳೂರು ಹೆದ್ದಾರಿಯೇ ಆಗಿತ್ತು. ಊರಿನ ಹೊಟ್ಟೆಯೊಳಗೆ ಲಾರಿಗಳು ಹೋಗುತ್ತಿದ್ದವು. ಬೈಪಾಸ್ ಆಗದೆ ಹೋಗಿದ್ದರೆ ಇವತ್ತು ನಾವು ಉಸಿರಾಡುವುದೂ ಕಷ್ಟವಿತ್ತು. ಊರಿಗೆ ಕೆಲಸವೇ ಇಲ್ಲದ ಗಾಡಿಯನ್ನು ಹೊರಗೆ ಕಳಿಸುವ ರಸ್ತೆ ಒಂದು ಥರ. ಊರೊಳಗಿನ ಗಾಡಿಯನ್ನು ಊರೊಳಗೇ ಬೇಗ ಓಡಿಸುವ ರಸ್ತೆ ಇನ್ನೊಂದು ಥರ. ಎರಡನೆಯದರ ಲಾಭ ನಾವು ಅಂದುಕೊಂಡಷ್ಟಿಲ್ಲ. ಮೂರು ಕಿಲೋಮೀಟರ್ ದೂರವನ್ನು ಗಂಟೆಗೆ 40ರ ವೇಗದಲ್ಲಿ ಹೋದರೆ ನಾಲ್ಕೂವರೆ ನಿಮಿಷ, 60ರಲ್ಲಿ ಹೋದರೆ ಮೂರು. ಉಳಿದದ್ದು ಒಂದೂವರೆ ನಿಮಿಷ. ಅದನ್ನು ಮುಂದಿನ ಸರ್ಕಲ್ಲಿನ ಕೆಂಪು ದೀಪ ಒಂದೇ ಸಲಕ್ಕೆ ನುಂಗುತ್ತದೆ.

ಅವತ್ತು ರಾತ್ರಿ ಟೇಪು ಸುತ್ತುವ ಮೊದಲು ಗೆಳೆಯ, ಈ ರಸ್ತೆ ಹೋಗಿ ಸೇರುವ ಕಡೆ ಎಷ್ಟಿದೆ ನೋಡೋಣ ಬಾ ಅಂದ. ನಡೆದು ತುದಿಗೆ ಹೋದೆವು. ಸರ್ಕಲ್ಲಿಗೆ ತಿರುಗುವ ಮೂಲೆಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್, ಅದರ ಸುತ್ತ ಕಬ್ಬಿಣದ ಬೇಲಿ, ಪಕ್ಕದಲ್ಲಿ ಯಾವುದಕ್ಕೂ ಬೇಡವಾದ ಒಂದು ಹಳೇ ಕಂಬ, ಕಂಬಕ್ಕೆ ಸರಪಳಿ ಹಾಕಿ ಬೀಗ ಜಡಿದ ಎರಡು ತಳ್ಳುಗಾಡಿ. ಅವನ ಮೊಬೈಲ್ ಬೆಳಕಿನಲ್ಲಿ ಟೇಪು ಹಿಡಿದೆ. ಗಾಡಿ ನುಸುಳಲು ಉಳಿದಿದ್ದು ಹತ್ತೊಂಬತ್ತು ಅಡಿ. ಗೆಳೆಯ ಬೇಲಿಯ ಮೇಲೆ, ಕಂಬದ ಮೇಲೆ, ಎದುರಿನ ಗೋಡೆಯ ಮೇಲೆ ಟಾರ್ಚ್ ಬಿಟ್ಟು ಹುಡುಕಿದ. ಕೆಂಪು ಗೆರೆ ಅಲ್ಲೆಲ್ಲೂ ಇರಲಿಲ್ಲ.