ಆರು ತಿಂಗಳಿಗೊಮ್ಮೆ ಮುಖ ತೋರಿಸಿ ಹೋದರೆ ಗ್ರೀನ್ ಕಾರ್ಡ್ ಉಳಿಯುತ್ತದೆಯೇ?

ಪ್ರಶ್ನೆ: ನಾನು ಅಮೆರಿಕದ ಪ್ರಜೆ. ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿದ್ದೇನೆ. ಆದರೆ ಅವರಿಗೆ ಮೈಸೂರು ಬಿಟ್ಟಿರಲು ಆಗುವುದಿಲ್ಲ. ಆರು ತಿಂಗಳಿಗೊಮ್ಮೆ ಬಂದು, ಹದಿನೈದು ದಿನ ಇದ್ದು ಹೋದರೆ ಕಾರ್ಡ್ ಉಳಿಯುತ್ತದೆ ಅಲ್ವಾ?

ಇಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಮರುಪ್ರಶ್ನೆ ಬರುತ್ತದೆ ಎಂದು ಗೊತ್ತು. "ನಮ್ಮ ಭಾವನ ಸ್ನೇಹಿತರ ಅತ್ತೆ ಎಂಟು ವರ್ಷದಿಂದ ಹಾಗೇ ಮಾಡ್ತಿದ್ದಾರೆ, ಏನೂ ಆಗಿಲ್ಲವಲ್ಲ?" ಯುಗಾದಿ ಊಟದ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಇದನ್ನು ಕೇಳಿದವರಿದ್ದಾರೆ. ನಾಮಕರಣದ ಮನೆಯಲ್ಲಿ ಕೇಳಿದವರಿದ್ದಾರೆ. ನಾನು ವಕೀಲನಲ್ಲ, ಹತ್ತಾರು ಮನೆಯವರ ಫಾರಂ ತುಂಬಿಕೊಟ್ಟು ಕಲಿತವನು. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮೇಲೆ ಕೇಳಿದವರ ಕೈಗೆ ಇದನ್ನೇ ಕೊಡುತ್ತೇನೆ.

ಮೊದಲು, ಈ "ಆರು ತಿಂಗಳು" ಎಲ್ಲಿಂದ ಬಂತು? ಮೂರು ಕಡೆಯಿಂದ ಬಂದು ಕಲಸುಮೇಲೋಗರ ಆಗಿದೆ.

ಒಂದು, ವಿಸಿಟರ್ ವೀಸಾ. ಮಗಳ ಬಾಣಂತನಕ್ಕೆಂದು ಬಂದ ತಾಯಂದಿರಿಗೆ ವಿಮಾನ ನಿಲ್ದಾಣದಲ್ಲಿ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಅದು ಅಮೆರಿಕದ ಒಳಗೆ ಎಷ್ಟು ದಿನ ಇರಬಹುದು ಎಂಬ ಲೆಕ್ಕ. ಗ್ರೀನ್ ಕಾರ್ಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಆ ಸಂಖ್ಯೆ ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ.

ಎರಡು, 180 ದಿನದ ನಿಯಮ. ಕಾರ್ಡ್ ಇದ್ದವರು ಒಂದೇ ಸಲಕ್ಕೆ 180 ದಿನಕ್ಕಿಂತ ಜಾಸ್ತಿ ಹೊರಗಿದ್ದು ಬಂದರೆ, ಅವರನ್ನು ಹೊಸದಾಗಿ ಪ್ರವೇಶ ಕೇಳುತ್ತಿರುವವರಂತೆ ವಿಚಾರಿಸಬಹುದು ಎಂದು ವಲಸೆ ಕಾನೂನು ಹೇಳುತ್ತದೆ. ನಮ್ಮವರು ಇದನ್ನು ತಿರುಗಿಸಿ ಓದುತ್ತಾರೆ: 180 ದಿನದೊಳಗೆ ಬಂದರೆ ಯಾರೂ ಕೇಳುವ ಹಾಗಿಲ್ಲ. ಆದರೆ ಅದೇ ಕಲಮಿನಲ್ಲಿ, ವಾಸವನ್ನೇ ಬಿಟ್ಟುಕೊಟ್ಟವರನ್ನೂ ಹಾಗೇ ವಿಚಾರಿಸಬಹುದು ಎಂದಿದೆ. ಅದಕ್ಕೆ ದಿನಗಳ ಲೆಕ್ಕ ಇಲ್ಲ.

ಮೂರು, ಪೌರತ್ವ. ಪೌರತ್ವಕ್ಕೆ ಅರ್ಜಿ ಹಾಕಲು ಸಾಮಾನ್ಯವಾಗಿ 5 ವರ್ಷ ಎಡೆಬಿಡದ ವಾಸ ಬೇಕು. ಅದರಲ್ಲಿ 30 ತಿಂಗಳು ಖುದ್ದಾಗಿ ಅಮೆರಿಕದಲ್ಲೇ ಇರಬೇಕು. ನಡುವೆ ಒಂದೇ ಪ್ರವಾಸ ಆರು ತಿಂಗಳು ಮೀರಿದರೆ ವಾಸದ ಸರಪಳಿ ತುಂಡಾಯಿತು ಎಂದೇ ಹಿಡಿಯುತ್ತಾರೆ, ಇಲ್ಲ ಎಂದು ನಾವು ತೋರಿಸಬೇಕು. ಇದು ಪೌರತ್ವದ ಲೆಕ್ಕ. ಕಾರ್ಡ್ ಉಳಿಸಿಕೊಳ್ಳುವ ಲೆಕ್ಕ ಅಲ್ಲ.

ಹಾಗಾದರೆ ಕಾರ್ಡ್ ಉಳಿಸಿಕೊಳ್ಳುವ ಲೆಕ್ಕ ಯಾವುದು? ದಿನಗಳದ್ದಲ್ಲ. ನಿಮ್ಮ ಮನೆ ಎಲ್ಲಿದೆ ಎಂಬುದು. ಅಮೆರಿಕದ ಮನೆಯಿಂದ ಮೈಸೂರಿಗೆ ಹೋಗಿ ಬಂದಿರಾ, ಅಥವಾ ಮೈಸೂರಿನ ಮನೆಯಿಂದ ಅಮೆರಿಕಕ್ಕೆ ಬಂದು ಹೋಗುತ್ತಿದ್ದೀರಾ?

1974ರ ಭೂಸುಧಾರಣೆ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಬೆಂಗಳೂರಿನಲ್ಲಿ ನೌಕರಿ, ಸುಗ್ಗಿಗೊಮ್ಮೆ ಊರಿಗೆ ಬಂದು ಗೇಣಿ ಭತ್ತ ಅಳೆಸಿಕೊಂಡು ಹೋಗುವುದು. ಅಂಥವರ ಎಷ್ಟೋ ಜಮೀನು ಕೈಬಿಟ್ಟು ಹೋಯಿತು, ಪಹಣಿಯಲ್ಲಿ ಅವರದ್ದೇ ಹೆಸರಿದ್ದರೂ. ಉಳುವವನೇ ಹೊಲದೊಡೆಯ. ಇಲ್ಲಿ, ಇರುವವನದೇ ಕಾರ್ಡು. ಅದರ ಹೆಸರೇ ಖಾಯಂ ನಿವಾಸಿ ಕಾರ್ಡ್ ಅಲ್ವಾ?

ಇದು ನನ್ನ ಸ್ವಂತ ವ್ಯಾಖ್ಯಾನ ಅಂದುಕೊಳ್ಳಬೇಡಿ. 1975ರಲ್ಲೇ ಅಮೆರಿಕದ ವಲಸೆ ಮೇಲ್ಮನವಿ ಮಂಡಳಿಯ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು. ಜಮೈಕಾದಲ್ಲಿ ವಸತಿಗೃಹ ನಡೆಸುತ್ತಿದ್ದ ಮಹಿಳೆ ವರ್ಷದ ಬಹುಪಾಲು ಅಲ್ಲೇ ಇದ್ದು, ವರ್ಷಕ್ಕೊಮ್ಮೆ ಅಮೆರಿಕಕ್ಕೆ ಬಂದು ಹೋಗುತ್ತಿದ್ದರು. ಅವರು ಖಾಯಂ ವಾಸ ಬಿಟ್ಟುಕೊಟ್ಟಿದ್ದಾರೆ ಎಂದೇ ತೀರ್ಪಾಯಿತು. ಅಂದರೆ ಈ "ಉಪಾಯ" ಸೋತು ಐವತ್ತು ವರ್ಷವಾಗಿದೆ. ನಾವು ಇನ್ನೂ ಅದನ್ನೇ ಗುಟ್ಟಾಗಿ ಕಿವಿಯಲ್ಲಿ ಹೇಳಿಕೊಳ್ಳುತ್ತಿದ್ದೇವೆ.

ಆ ಎಂಟು ವರ್ಷದ ಅತ್ತೆಯವರ ಕಥೆ? ಇದುವರೆಗೆ ಯಾರೂ ಕೇಳಿಲ್ಲ, ಅಷ್ಟೆ. ಹೆಲ್ಮೆಟ್ ಇಲ್ಲದೆ ಓಡಾಡಿದರೂ ಪೊಲೀಸರು ಹಿಡಿಯದ ದಿನಗಳು ಬೇಕಾದಷ್ಟು ಇರುತ್ತವೆ. ಜೊತೆಗೆ, ಪ್ರತಿ ಪ್ರವೇಶವೂ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಹದಿನೈದು ದಿನ ಒಳಗೆ, ಐದೂವರೆ ತಿಂಗಳು ಹೊರಗೆ. ಎಂಟು ವರ್ಷದ ಈ ಪಟ್ಟಿ ಅಧಿಕಾರಿಯ ಎದುರು ಬಂದರೆ ಅದು ಅವರ ಪರವಾಗಿ ಸಾಕ್ಷಿ ಹೇಳುವುದಿಲ್ಲ.

ಅಧಿಕಾರಿ ನೋಡುವುದು ಹೋದ ಕಾರಣ, ವಾಪಸ್ ಬರುವ ದಿನ ಮೊದಲೇ ಗೊತ್ತಿತ್ತೇ ಎಂಬುದು, ಅಮೆರಿಕದಲ್ಲಿ ತೆರಿಗೆ ರಿಟರ್ನ್, ಬ್ಯಾಂಕ್ ಖಾತೆ, ಮನೆ ವಿಳಾಸ, ಹತ್ತಿರದ ಸಂಬಂಧಿಕರು. ಅಪ್ಪನಿಗೆ ಬೈಪಾಸ್ ಆಗಿ ಎಂಟು ತಿಂಗಳು ಮೈಸೂರಿನಲ್ಲಿ ಉಳಿಯಬೇಕಾಯಿತು ಎನ್ನಿ. ಆಸ್ಪತ್ರೆಯ ಕಾಗದ ಕೈಯಲ್ಲಿರಲಿ. ಅದು ಸರಿಯಾದ ಕಾರಣವೇ.

ಹಿರಿಯರಿಗೆ ಒಂದು ಮಾತು ಹೇಳಿ ಕಳಿಸಿ. ವಿಮಾನ ನಿಲ್ದಾಣದಲ್ಲಿ ಐ-407 ಎಂಬ ಫಾರಂ ಮುಂದಿಟ್ಟರೆ, ಅದು ಕಾರ್ಡನ್ನು ಸ್ವಂತ ಇಚ್ಛೆಯಿಂದ ಬಿಟ್ಟುಕೊಡುವ ಕಾಗದ. ಸಹಿ ಹಾಕಲೇಬೇಕೆಂದಿಲ್ಲ. ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳುವ ಹಕ್ಕಿದೆ. "ದೊಡ್ಡವರು ಹೇಳಿದರು, ಹಾಕಿದೆ" ಎನ್ನುವ ನಮ್ಮ ಹಳೇ ಮರ್ಯಾದೆ ಅಲ್ಲಿ ಬೇಡ.

ನಿಜವಾಗಿಯೂ ಜಾಸ್ತಿ ದಿನ ಊರಲ್ಲಿ ಇರಬೇಕಾಗಿದ್ದರೆ ಮರುಪ್ರವೇಶ ಪರವಾನಗಿ ಇದೆ. ಐ-131 ಫಾರಂ. ಅಮೆರಿಕದ ನೆಲದ ಮೇಲೆ ಇದ್ದಾಗಲೇ ಅರ್ಜಿ ಹಾಕಬೇಕು, ಬೆರಳಚ್ಚು ಕೊಟ್ಟು ಹೊರಡುವುದು ಕ್ಷೇಮ. ಸಾಮಾನ್ಯವಾಗಿ 2 ವರ್ಷ ನಡೆಯುತ್ತದೆ. ಇದಿದ್ದರೂ ವಿಚಾರಿಸಬಹುದು, ಆದರೆ ಹೊರಗಿದ್ದ ದಿನಗಳೊಂದನ್ನೇ ಕಾರಣ ಮಾಡಿ ವಾಸ ಬಿಟ್ಟಿರಿ ಎನ್ನುವಂತಿಲ್ಲ.

ಪರವಾನಗಿ ಇಲ್ಲದೆ ಒಂದು ವರ್ಷ ದಾಟಿದರೆ ಬರೀ ಕಾರ್ಡ್ ತೋರಿಸಿ ಒಳಗೆ ಬರಲಾಗುವುದಿಲ್ಲ, ಅದರ ಮೇಲೆ 10 ವರ್ಷದ ದಿನಾಂಕ ಇದ್ದರೂ. ಆಗ ಮರಳುವ ನಿವಾಸಿ ವೀಸಾ ಕೇಳಬೇಕು. ಬರಲಾಗದೆ ಹೋದದ್ದು ನಿಮ್ಮ ಕೈಮೀರಿದ ಕಾರಣದಿಂದ ಎಂದು ತೋರಿಸಬೇಕು. ಸುಲಭವಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಕಾರ್ಡ್ ಪಾಸ್‌ಪೋರ್ಟ್ ಅಲ್ಲ, ಭಾರತದ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ಟಿಕೆಟ್‌ನಲ್ಲಿ ಪಾಸ್‌ಪೋರ್ಟಿನಲ್ಲಿ ಇರುವ ಹೆಸರೇ ಇರಲಿ. ಇನಿಶಿಯಲ್ ಬಿಡಿಸಿ ಬರೆದದ್ದು ಒಂದರಲ್ಲಿ, ಬಿಡಿಸದೆ ಬರೆದದ್ದು ಇನ್ನೊಂದರಲ್ಲಿ ಎಂಬ ನಮ್ಮ ಕಡೆಯ ರಾಮಾಯಣ ಕೌಂಟರಿನಲ್ಲಿ ಬೇಡ. ಊರಲ್ಲಿ ಕಾರ್ಡ್ ಕಳೆದುಹೋದರೆ ಪೊಲೀಸ್ ದೂರು ಕೊಡಿ, ಐ-131ಎ ಫಾರಂ ತುಂಬಿ ದೂತಾವಾಸದಿಂದ ವಿಮಾನ ಹತ್ತುವ ಪತ್ರ ಪಡೆಯಿರಿ. 2025ರ ಜನವರಿಯಲ್ಲಿ ಬೆಂಗಳೂರಿನ ದೂತಾವಾಸ ಉದ್ಘಾಟನೆಯಾದಾಗ ವೀಸಾ ಕೆಲಸ ಶುರುವಾಗಿರಲಿಲ್ಲ. ಹೊರಡುವ ಮೊದಲು ಎಲ್ಲಿಗೆ ಹೋಗಬೇಕೆಂದು ನೋಡಿಕೊಳ್ಳಿ.

ಇನ್ನು ನೀವು ಕೇಳದ ಪ್ರಶ್ನೆ: ಅಪ್ಪ ಅಮ್ಮನಿಗೆ ಈ ಕಾರ್ಡ್ ಬೇಕೇ? ಮೈಸೂರೇ ಅವರ ಮನೆ ಎಂದು ನೀವೇ ಬರೆದಿದ್ದೀರಿ. ಕಾರ್ಡ್ ಇರುವಷ್ಟು ದಿನ ಅವರ ಮೈಸೂರಿನ ಎಫ್‌ಡಿ ಬಡ್ಡಿ, ಮನೆ ಬಾಡಿಗೆಯನ್ನೂ ಅಮೆರಿಕದ ತೆರಿಗೆ ಲೆಕ್ಕಕ್ಕೆ ತೋರಿಸಬೇಕು. ಹೊರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಅದಕ್ಕೆ ಬೇರೆ ವರದಿ. ಅದೇ ಐ-407 ಅನ್ನು ನೀವಾಗಿಯೇ ಸಲ್ಲಿಸಿ, ವಿಸಿಟರ್ ವೀಸಾಕ್ಕೆ ಅರ್ಜಿ ಹಾಕುವ ದಾರಿಯೂ ಇದೆ. ಮೊಮ್ಮಕ್ಕಳನ್ನು ನೋಡಲು ಅದು ಸಾಲದೇ?

ಬಿಡುವುದೇ ಎಂದು ತೀರ್ಮಾನಿಸಿದರೂ, ಅದಕ್ಕೆ ಮೊದಲು ಅವರನ್ನು ನಯಾಗರಾಕ್ಕೆ ಕರೆದುಕೊಂಡು ಹೋಗಿ. ಗ್ರೀನ್ ಕಾರ್ಡ್ ಮತ್ತು ಭಾರತದ ಪಾಸ್‌ಪೋರ್ಟ್ ಎರಡೂ ಚಾಲ್ತಿಯಲ್ಲಿದ್ದರೆ ಕೆನಡಾಕ್ಕೆ ವೀಸಾ ಬೇಡ, ಸೇತುವೆ ದಾಟಿ ಆ ದಡಕ್ಕೆ ಹೋಗಬಹುದು. ಜಲಪಾತ ಎದುರಿನಿಂದ ಪೂರ್ತಿ ಕಾಣುವುದು ಅಲ್ಲಿಂದಲೇ. ಮಳೆಗಾಲದಲ್ಲಿ ಜೋಗ ನೋಡಿದ ಅಪ್ಪ ಆಗಲೂ "ಪರವಾಗಿಲ್ಲ" ಎಂದಷ್ಟೇ ಅಂದರೆ ಅದಕ್ಕೆ ನಾನು ಹೊಣೆಯಲ್ಲ.